ಸೊಂಟವಿರುವ ಸೋರೆಕಾಯಿ

ಬೇಕರಿಯವರ ಹೆಂಡತಿಯಿಂದ ಫೋನು ಬಂದಾಗ ಸೂಜಿಯಕ್ಕ ಒಂದು ಅಂಗಿಯ ಕಾಲರು ಕತ್ತರಿಸುತ್ತಿದ್ದಳು. ಕೊರಳಲ್ಲಿ ಅಳತೆಪಟ್ಟಿ, ತುಟಿಗಳ ನಡುವೆ ಎರಡು ಗುಂಡುಪಿನ್ನು. ಪಿನ್ನು ತೆಗೆಯದೆಯೇ "ಹ್ಞೂಂ, ಹೇಳಿ" ಎಂದಳು.

"ಅಕ್ಕಾ, ನಿಮ್ಮ ಸೋರೆಕಾಯಿ ರಸ ಕುಡಿದು ಇವರು ಆಸ್ಪತ್ರೆ ಸೇರಿದ್ದಾರೆ."

ಪಿನ್ನುಗಳು ಬಟ್ಟೆಯ ಮೇಲೆ ಉದುರಿದವು.

"ಏನಂದ್ರಿ?"

"ಬೆಳಿಗ್ಗೆ ಎದ್ದು ಕುಡಿದ್ರು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯ್ತು ನೋಡಿ, ನಿಲ್ಲಲೇ ಇಲ್ಲ. ಕಣ್ಣು ತೇಲಿಸಿಬಿಟ್ರು. ಈಗ ಡ್ರಿಪ್ ಹಾಕಿದ್ದಾರೆ."

"ನನ್ನ ಸೋರೆಕಾಯಿ ಅಂದ್ರೆ ಯಾವುದು?"

"ನೀವು ಕೊಟ್ಟ ಬೀಜದ್ದೇ ಅಕ್ಕಾ. ನಮ್ಮನೇಲಿ ಬೇರೆ ಇನ್ಯಾವ ಬಳ್ಳಿ ಇದೆ?"

ಸೂಜಿಯಕ್ಕ ಕತ್ತರಿ ಕೆಳಗಿಟ್ಟಳು. ಸಂಜೆಗೆ ಕೊಡಬೇಕಾದ ಅಂಗಿ ಅದು. ಅದನ್ನು ಹಾಗೇ ಮಡಚಿಟ್ಟು ಷಟರ್ ಎಳೆದು ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಇದ್ದದ್ದು ಒಂದೇ ಮಾತು: ನನ್ನ ಬೀಜದಲ್ಲಿ ಕಹಿ ಬರಲು ಸಾಧ್ಯವೇ ಇಲ್ಲ.

ಸೂಜಿಯಕ್ಕ ಎನ್ನುವ ಹೆಸರು ಹೊಲಿಗೆಯಿಂದ ಬಂತೋ, ಅವಳ ನಾಲಗೆಯಿಂದ ಬಂತೋ ಎಂದು ಬೀದಿಯವರು ಬಿಡಿಸಿ ಹೇಳುತ್ತಿರಲಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು, ವಾರಕ್ಕೆರಡು ದಿನ ಮನೆಗೆ ಬಂದರೆ ಹೆಚ್ಚು. ಮನೆಯಲ್ಲಿ ಇರುವವರು ಅವಳು ಮತ್ತು ಅತ್ತೆ. ಮೆಷಿನ್ನಿನ ಮುಂದೆ ಕೂತು ಬೆನ್ನು ಹಿಡಿದಾಗ ತಾರಸಿಗೆ ಹೋಗಿ ನಾಲ್ಕು ಕುಂಡಕ್ಕೆ ನೀರು ಹಾಕುತ್ತಿದ್ದವಳು, ಬರಬರುತ್ತಾ ಅದನ್ನು ತೋಟವನ್ನೇ ಮಾಡಿಬಿಟ್ಟಿದ್ದಳು. ಟೊಮೆಟೊ, ಬೆಂಡೆ, ಬೀನ್ಸು, ಮೆಣಸಿನಕಾಯಿ, ಮತ್ತು ಕಬ್ಬಿಣದ ಚಪ್ಪರದ ತುಂಬ ಸೋರೆ ಬಳ್ಳಿ.

ತಿಂಗಳ ಮೊದಲ ಭಾನುವಾರ ಲೈಬ್ರರಿಯ ಜಗಲಿಯಲ್ಲಿ ಹೀಗೆ ಮನೆಮಟ್ಟಿಗೆ ಬೆಳೆಯುವವರೆಲ್ಲ ಸೇರುತ್ತಿದ್ದರು. ಅದಕ್ಕೆ ಬೀಜದ ಭಾನುವಾರ ಎಂದು ಹೆಸರು. ದುಡ್ಡಿನ ಮಾತೇ ಇಲ್ಲ. ನಿನ್ನ ಬೆಂಡೆಗೆ ನನ್ನ ಬದನೆ, ನಿನ್ನ ಕುಂಬಳಕ್ಕೆ ನನ್ನ ಬೀನ್ಸು. ಕೈಯಲ್ಲಿ ಏನೂ ಇಲ್ಲದವರು "ಮುಂದಿನ ವರ್ಷ ಕೊಡ್ತೀನಿ" ಎಂದು ಮಾತು ಕೊಟ್ಟು ತೆಗೆದುಕೊಂಡು ಹೋಗಬಹುದು. ಆ ಮೇಜಿನ ಮೇಲೆ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿದ್ದದ್ದು ಸೂಜಿಯಕ್ಕನ ಸೋರೆ ಬೀಜ. ತುಂಡು ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು ಅದರಲ್ಲಿ ಹಾಕಿ ತರುತ್ತಿದ್ದಳು. ಕಾಯಿ ಕೋಲಿನಂತೆ ನೇರ, ತಿಳಿಹಸಿರು ಬಣ್ಣ, ಬೆಣ್ಣೆಯಂಥ ತಿರುಳು. ಅದನ್ನು ಹೊಗಳಿದರೆ ಅವಳು "ಅಯ್ಯೋ ಅದರಲ್ಲೇನಿದೆ" ಎನ್ನುತ್ತಿರಲಿಲ್ಲ. "ಹೌದು, ಚೆನ್ನಾಗಿದೆ" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಬೇಕರಿಯವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಆಳು ದೊಡ್ಡದು, ಮಂಚ ಚಿಕ್ಕದು. ಅವಳನ್ನು ಕಂಡು ಮೆಲ್ಲಗೆ ಈ ಕಡೆ ಹೊರಳಿದರು. ಮುಖ ಹಿಟ್ಟು ಬಳಿದಂತೆ ಬಿಳಿಚಿಕೊಂಡಿತ್ತು.

"ಕಹಿ ಇತ್ತಲ್ಲ, ಗೊತ್ತಾಗಲಿಲ್ವಾ ಅಣ್ಣಾ?" ಎಂದಳು ಸೂಜಿಯಕ್ಕ.

"ಗೊತ್ತಾಯ್ತು. ಕಹಿ ಇದೆ ಅಂದ್ರೆ ಔಷಧಿ ಗುಣ ಜಾಸ್ತಿ ಅಂದ್ಕೊಂಡೆ. ಇನ್ನರ್ಧ ಲೋಟ ಹಾಕಿಸಿಕೊಂಡು ಕುಡಿದೆ."

"ದಿನವಿಡೀ ಸಕ್ಕರೆ ಮಧ್ಯೆ ಇರೋರಿಗೆ ಬೆಳಿಗ್ಗೆ ಎದ್ದು ಕಹಿ ಯಾಕೆ ಬೇಕಿತ್ತು?" ಎಂದು ಹೆಂಡತಿ ಮಂಚದ ಪಕ್ಕದಿಂದಲೇ ತರಾಟೆಗೆ ತೆಗೆದುಕೊಂಡಳು. ಬೈಯುವಷ್ಟು ಧೈರ್ಯ ಅವಳಿಗೆ ಆಗಷ್ಟೇ ಬಂದಿತ್ತು. ಡಾಕ್ಟರು ಆಗತಾನೆ ಬಂದು, ಜೀವಕ್ಕೆ ಅಪಾಯ ಇಲ್ಲ, ಹೊಟ್ಟೆ ಒಳಗೆಲ್ಲ ಕೆರೆದಂತಾಗಿದೆ, ಎರಡು ದಿನ ಇಲ್ಲೇ ಇರಲಿ ಎಂದು ಹೇಳಿ ಹೋಗಿದ್ದರು. ಕಹಿ ಸೋರೆಕಾಯಿಯ ರಸ ವಿಷಕ್ಕೆ ಸಮ, ಇನ್ನೊಂದು ಲೋಟ ಒಳಗೆ ಹೋಗಿದ್ದರೆ ಏನು ಬೇಕಾದರೂ ಆಗಬಹುದಿತ್ತು ಎಂದೂ ಹೇಳಿದ್ದರು.

"ಉಳಿದ ಕಾಯಿ ಎಲ್ಲಿದೆ?" ಎಂದು ಕೇಳಿದಳು ಸೂಜಿಯಕ್ಕ.

ಬೇಕರಿಯ ಮಹಡಿಯ ಮೇಲೇ ಅವರ ಮನೆ. ಹೆಂಡತಿ ಜೊತೆಗೆ ಬಂದು ಬಾಗಿಲು ತೆರೆದಳು. ಫ್ರಿಜ್ಜಿನಲ್ಲಿ ಅರ್ಧ ಕಾಯಿ ಇತ್ತು. ಸೂಜಿಯಕ್ಕ ಕಾಗದದಷ್ಟು ತೆಳ್ಳಗೆ ಒಂದು ಚೂರು ಕತ್ತರಿಸಿ ನಾಲಗೆಯ ತುದಿಗೆ ಮುಟ್ಟಿಸಿದಳು. ತಕ್ಷಣ ಸಿಂಕಿಗೆ ಉಗಿದು, ಬಾಯಿ ಮುಕ್ಕಳಿಸಿ, ಮತ್ತೆ ಮುಕ್ಕಳಿಸಿದಳು. ಆ ಕಹಿ ಹಲ್ಲಿನ ಸಂದಿಗೆಲ್ಲ ಇಳಿದು ಕೂತಂತಿತ್ತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾದವೆಲ್ಲ ಆ ಚೂರಿನಲ್ಲೇ ಮುಗಿಯಿತು.

ಹಿಂದಿನ ಬಾಲ್ಕನಿಯಲ್ಲಿ ಬಳ್ಳಿ ಇತ್ತು. ಅದರಲ್ಲಿ ಇನ್ನೂ ಮೂರು ಕಾಯಿ. ಸೂಜಿಯಕ್ಕ ಅವನ್ನು ನೋಡುತ್ತಲೇ ನಿಂತಳು. ಮೂವತ್ತು ವರ್ಷ ಜನರ ಮೈಯಳತೆ ತೆಗೆದ ಕಣ್ಣು ಅದು. ಅವಳ ಸೋರೆಕಾಯಿಗೆ ಸೊಂಟವಿರಲಿಲ್ಲ. ಮೇಲಿಂದ ಕೆಳಗೆ ಒಂದೇ ಸಮ. ಈ ಕಾಯಿಗಳು ನಡುವೆ ಒಳಕ್ಕೆ ಸರಿದು, ಕೆಳಗೆ ಮತ್ತೆ ಅಗಲವಾಗಿದ್ದವು. ಯಾರೋ ನಡುವಿನ ಬಟ್ಟೆಯನ್ನು ಒಳಮಡಚಿ ಡಾರ್ಟ್ ಹಾಕಿ ಹೊಲಿದ ಹಾಗೆ.

"ಇದು ನನ್ನ ಕಾಯಿ ಥರ ಇಲ್ಲ" ಎಂದಳು.

"ನಿಮ್ಮ ಚೀಲದ್ದೇ ಅಕ್ಕಾ. ನಾನೇ ಕೈಯಾರೆ ಹಾಕಿದ್ದು."

"ಅಲ್ಲ ಅಂತ ಹೇಳ್ತಾ ಇಲ್ಲ. ಬೀಜ ನನ್ನದೇ, ಅದರೊಳಗೆ ಬೇರೆ ಯಾವುದೋ ಸೇರಿಕೊಂಡಿದೆ. ಯಾವುದು ಅಂತ ಆಮೇಲೆ ನೋಡ್ತೀನಿ. ಮೊದಲು ಒಂದು ಕುಡುಗೋಲೋ ಚಾಕುವೋ ಕೊಡಿ."

ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಕಾಯಿಗಳ ಸಮೇತ ಗೋಣಿಚೀಲಕ್ಕೆ ತುಂಬಿ, ಅವಳು ಬೇಕರಿಯವರ ಹೆಂಡತಿಯ ಎದುರು ನಿಂತಳು. "ನಿಮ್ಮ ಮನೆಯವರು ಹೋಗಿಬಿಟ್ಟಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಬರ್ತಿದ್ದೆನೋ ಗೊತ್ತಿಲ್ಲ. ಆಸ್ಪತ್ರೆಗೆ ಏನು ಬೇಕೋ ನನಗೆ ಹೇಳಿ, ಊಟ ನಮ್ಮನೆಯಿಂದ ಬರುತ್ತೆ. ಈಗ ನಾನು ಉಳಿದವರ ಮನೆಗೆ ಹೋಗಬೇಕು."

ಮನೆಗೆ ಬಂದವಳು ನೇರವಾಗಿ ತಾರಸಿಗೆ ಹೋದಳು. ಅತ್ತೆ ಅಲ್ಲಿ ನೆರಳಲ್ಲಿ ಕೂತು ಒಣ ಬೀನ್ಸು ಸುಲಿಯುತ್ತಿದ್ದರು. ಸೂಜಿಯಕ್ಕ ತನ್ನ ಚಪ್ಪರದ ಒಂದೊಂದು ಕಾಯಿಗೂ ಉಗುರು ಹಾಕಿ ರುಚಿ ನೋಡಿದಳು. ಒಂದೂ ಕಹಿಯಿರಲಿಲ್ಲ.

"ಏನೇ ಅದು, ಇಲಿ ಥರ ಎಲ್ಲಾ ಕಾಯೂ ಕಚ್ಚಿಡ್ತಾ ಇದ್ದೀಯ?" ಎಂದರು ಅತ್ತೆ.

ನಡೆದದ್ದನ್ನು ಹೇಳುತ್ತಾ ಹೋದಂತೆ ಸೂಜಿಯಕ್ಕನಿಗೇ ಅರ್ಥವಾಯಿತು. ಹೊಸ ಬೀಜವನ್ನು ಬೇರೆಯವರಿಗೆ ಕೊಟ್ಟು, ಹಿಂದಿನ ವರ್ಷದ್ದನ್ನು ತಾನು ಹಾಕಿಕೊಳ್ಳುವುದು ಅವಳ ಪದ್ಧತಿ. ಹೋದ ವರ್ಷದ ಬೀಜವೆಲ್ಲ ಹಂಚಿಹೋಗಿತ್ತು. ಅವಳ ಚಪ್ಪರದಲ್ಲಿ ಇದ್ದದ್ದು ಅದಕ್ಕೂ ಹಿಂದಿನದು. ಅಂದರೆ ಕೆಟ್ಟದ್ದು ಹೋದ ವರ್ಷ, ಇದೇ ತಾರಸಿಯಲ್ಲಿ, ಅವಳ ಕಣ್ಣೆದುರಿಗೇ.

"ಒಳ್ಳೇದನ್ನ ಕೊಡೋಣ ಅಂತ ಹೋಗಿ ವಿಷ ಕೊಟ್ಟ ಹಾಗಾಯ್ತು ಅತ್ತೆ."

"ಅಳೋದಾದ್ರೆ ಆಮೇಲೆ ಅಳು. ಯಾರ್ಯಾರಿಗೆ ಕೊಟ್ಟಿದ್ದೀಯ ಅದನ್ನ ನೆನಪು ಮಾಡಿಕೋ."

ಅದಕ್ಕೆ ಅವಳು ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಅವಳ ಕುಂಡಗಳೇ ಸಾಕ್ಷಿ. ಒಂದು ಕಡೆಯಿಂದ ನಡೆಯುತ್ತಾ ಬೆರಳು ತೋರಿಸಿದಳು. ಈ ಕೆಂಪು ಬೆಂಡೆ ಅಂಚೆಯಮ್ಮ ಕೊಟ್ಟದ್ದು, ಅವಳಿಗೆ ಒಂದು ಚೀಲ. ಈ ಗುಂಡು ಬದನೆ ಬ್ಯಾಂಕಿನ ಮೇಡಂದು, ಅವರಿಗೆ ಒಂದು. ಈ ಉದ್ದ ಮೆಣಸಿನಕಾಯಿ ಸ್ಕೂಲ್ ವ್ಯಾನಿನವನದು. ಹೀಗೆ ಕೊನೆಯ ಕುಂಡದವರೆಗೂ ಬಂದು ನಿಂತಳು. ಏನೂ ಕೊಡದೆ, ಮುಂದಿನ ವರ್ಷ ಕೊಡ್ತೀನಿ ಎಂದು ಮಾತು ಕೊಟ್ಟು ತೆಗೆದುಕೊಂಡು ಹೋದವನು ಒಬ್ಬನೇ, ಮಾರ್ಕೆಟ್ಟಿನ ವಾಚ್ ರಿಪೇರಿಯವನು.

ಒಬ್ಬೊಬ್ಬರಿಗೂ ಫೋನು ಮಾಡಿದಳು. "ಸೋರೆಕಾಯಿ ಮುಟ್ಟಬೇಡಿ, ನಾನು ಬರೋತನಕ ಬೇಯಿಸಬೇಡಿ, ಯಾರಿಗೂ ಕೊಡಬೇಡಿ." ಅಂಚೆಯಮ್ಮ "ಅಯ್ಯೋ, ನಾನು ನಮ್ಮ ನಾದಿನಿಗೆ ಎರಡು ಬೀಜ ಕೊಟ್ಟಿದ್ದೀನಲ್ಲ" ಎಂದಳು. "ನಾದಿನಿ ವಿಳಾಸ ಹೇಳು" ಎಂದಳು ಸೂಜಿಯಕ್ಕ.

ಆ ದಿನ ಮತ್ತು ಮರುದಿನ ಅವಳ ಸ್ಕೂಟರ್ ಊರೆಲ್ಲ ಸುತ್ತಿತು. ಎಲ್ಲ ಕಡೆಯೂ ಒಂದೇ ಕೆಲಸ. ಮೊದಲು ಆಕಾರ ನೋಡುವುದು, ಆಮೇಲೆ ತೆಳ್ಳಗೆ ಒಂದು ಚೂರು ನಾಲಗೆಗೆ ಮುಟ್ಟಿಸುವುದು, ಉಗಿಯುವುದು. ಕೆಲವು ಬಳ್ಳಿಯ ಕಾಯಿಗಳು ನೆಟ್ಟಗಿದ್ದವು, ಸಿಹಿಯಾಗಿಯೇ ಇದ್ದವು. ಸೊಂಟವಿದ್ದದ್ದೆಲ್ಲ ಕಹಿ. ಅವನ್ನು ಕಿತ್ತಳು. ಅಂಚೆಯಮ್ಮನ ನಾದಿನಿ ಒಂದು ಕಹಿ ಚೂರು ತಿಂದು ಕಾಯಿ ಬಿಸಾಕಿ, ಸೋರೆಕಾಯಿ ಅಂದರೆ ಹೀಗೇ ಇರುತ್ತೆ ಅಂದುಕೊಂಡಿದ್ದಳು. ಬ್ಯಾಂಕಿನ ಮೇಡಂ ಮಾತ್ರ ಮುಖ ಇಷ್ಟು ದಪ್ಪ ಮಾಡಿಕೊಂಡು ಬಾಗಿಲಲ್ಲೇ ನಿಂತರು.

"ನಮ್ಮನೇಲಿ ಚಿಕ್ಕ ಮೊಮ್ಮಗಳಿದ್ದಾಳೆ. ಅವಳಿಗೆ ಏನಾದ್ರೂ ಆಗಿದ್ರೆ?"

"ಆಗಿದ್ರೆ ನೀವು ನನ್ನ ಕೆನ್ನೆಗೆ ಹೊಡೆದಿದ್ರೂ ನಾನು ನಿಂತು ಹೊಡೆಸಿಕೊಳ್ತಿದ್ದೆ. ಈಗ ಬಳ್ಳಿ ತೋರಿಸಿ ಮೇಡಂ."

ಮೇಡಂ ತೋರಿಸಿದರು. ಅವರ ಬಳ್ಳಿ ಸಿಹಿಯಾಗಿತ್ತು. ಆದರೂ ಅವರು ಅದನ್ನು ಕೀಳಿಸಿಯೇಬಿಟ್ಟರು.

ಕೊನೆಗೆ ಉಳಿದದ್ದು ವಾಚ್ ರಿಪೇರಿಯವನು. ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವನ ವಾಸ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತಿರುತ್ತಿದ್ದವನು ಹುಟ್ಟಿದಾಗಿನಿಂದ ಒಂದು ಗಿಡ ನೆಟ್ಟವನಲ್ಲ. ಆದರೆ ಆ ಬಳ್ಳಿ! ಮುರುಕಲು ಬಕೆಟ್ಟಿನಿಂದ ಹೊರಟು, ಕಿಟಕಿಯ ಸರಳು ಹಿಡಿದು, ಮಳೆನೀರಿನ ಪೈಪು ಹತ್ತಿ, ಮೇಲಿನ ಟ್ಯಾಂಕಿನವರೆಗೂ ಹೋಗಿತ್ತು. ಅದರ ತುಂಬ ಕಾಯಿ. ಎಲ್ಲಕ್ಕೂ ಸೊಂಟ.

ಅವಳು ಚಾಕು ತೆಗೆಯುತ್ತಿದ್ದಂತೆ ಅವನು ಬಳ್ಳಿಗೂ ಅವಳಿಗೂ ನಡುವೆ ಬಂದು ನಿಂತ.

"ತಿನ್ನಲ್ಲ ಅಕ್ಕಾ. ಆಣೆ ಮಾಡಿ ಹೇಳ್ತೀನಿ, ಒಂದು ಚೂರೂ ತಿನ್ನಲ್ಲ. ನೋಡ್ತಾ ಇರ್ತೀನಿ ಅಷ್ಟೆ."

"ನೋಡೋಕೆ ಏನಿದೆಯಪ್ಪಾ ಅದರಲ್ಲಿ?"

"ನಾನು ಮಾಡಿದ್ದು ಯಾವುದೂ ಬೆಳೆದದ್ದೇ ಇಲ್ಲ ಅಕ್ಕಾ. ಗಡಿಯಾರ ರಿಪೇರಿ ಮಾಡಿದ್ರೆ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತೆ. ಇದು ದಿನಾ ಬೆಳಿಗ್ಗೆ ಎದ್ದು ನೋಡಿದ್ರೆ ನಿನ್ನೆಗಿಂತ ಒಂದು ಗೇಣು ಮುಂದೆ ಹೋಗಿರುತ್ತೆ."

ಸೂಜಿಯಕ್ಕ ಅತ್ತ ಇತ್ತ ನೋಡಿದಳು. ಮಾರ್ಕೆಟ್ಟಿನ ಸುತ್ತ ಬರೀ ಅಂಗಡಿ, ಶೀಟಿನ ಮಾಡು. ಇದರ ಹೂವಿನಿಂದ ಹುಳ ಹಾರಿಹೋಗಿ ಕೂರಲು ಇನ್ನೊಂದು ಬಳ್ಳಿ ಎಲ್ಲಿಯೂ ಇರಲಿಲ್ಲ. ಚಾಕು ಮಡಚಿ ಚೀಲಕ್ಕೆ ಹಾಕಿದಳು. "ಇರಲಿ ಬಿಡು. ಆದ್ರೆ ಒಂದು ಬೀಜ ಯಾರ ಕೈಗೂ ಹೋಗಬಾರದು. ಯಾರಾದ್ರೂ ಕೇಳಿದ್ರೆ ವಿಷದ ಕಾಯಿ ಅಂತ ಹೇಳು."

"ಹೇಳ್ತೀನಿ. ಎಲ್ಲರೂ ಕೇಳ್ತಾರೆ ಅಕ್ಕಾ, ಇದರ ಆಕಾರ ಅಷ್ಟು ಚೆನ್ನಾಗಿದೆ. ಕೆಳಗೆ ಗಿಫ್ಟ್ ಅಂಗಡೀಲಿ ದೀಪ ತೂಗುಹಾಕಿದ್ದಾರಲ್ಲ, ಥೇಟು ಅದೇ ಥರ."

"ಯಾವ ದೀಪ?"

ಅವನು ಕೆಳಗೆ ಕರೆದುಕೊಂಡು ಹೋಗಿ ತೋರಿಸಿದ. ಗಾಜಿನ ಹಿಂದೆ ಒಣಗಿದ ಸೋರೆ ಬುರುಡೆಗಳು ಸಾಲಾಗಿ ತೂಗುತ್ತಿದ್ದವು. ಮೈತುಂಬ ಬಳ್ಳಿ, ಹಕ್ಕಿ, ಮೀನುಗಳ ಚಿತ್ರ. ಸಣ್ಣ ಸಣ್ಣ ತೂತುಗಳಿಂದ ಬೆಳಕು ಸೋರುತ್ತಿತ್ತು. ಒಂದೊಂದಕ್ಕೂ ನಡುವೆ ಕೈಯಲ್ಲಿ ಹಿಡಿಯುವಷ್ಟೇ ಸಣ್ಣ ಸೊಂಟ.

"ಇದನ್ನ ಮಾಡೋರು ಯಾರು?" ಎಂದು ಅಂಗಡಿಯವನನ್ನು ಕೇಳಿದಳು.

"ಬೋರ್ಡ್ ಬರೀತಿದ್ದ ಪೇಂಟರು ಒಬ್ಬರು. ನಿಮ್ಮ ಹಿಂದಿನ ಬೀದೀಲೇ ಇರೋದು. ಗೊತ್ತಿಲ್ವಾ?"

ಪೇಂಟರು ಮಹಡಿಯ ಮೇಲಿನ ತಮ್ಮ ತಾರಸಿ ಮನೆಯಲ್ಲೇ ಇದ್ದರು. ತೆಳ್ಳಗಿನ ಉದ್ದ ಮನುಷ್ಯ, ಕನ್ನಡಕ ಹಣೆಯ ಮೇಲೆ, ಉಗುರಿನ ಸುತ್ತ ಬಣ್ಣ. ತಾರಸಿಯಲ್ಲಿ ಟರ್ಪೆಂಟೈನ್ ವಾಸನೆ. ಗೋಡೆಯುದ್ದಕ್ಕೂ ಬುರುಡೆಗಳು ಒಣಗಲು ಕೂತಿದ್ದವು, ಹಿಂದಿನ ಚಪ್ಪರದಲ್ಲಿ ಹಸಿ ಕಾಯಿಗಳು ತೂಗುತ್ತಿದ್ದವು. ಅದರ ಹಿಂದೆ ಎತ್ತರದ ಗೋಡೆ, ಅದರಾಚೆ ಅವಳದೇ ತಾರಸಿ. ಇಷ್ಟು ಹತ್ತಿರ ಇದ್ದೂ ಗೋಡೆಯಿಂದಾಗಿ ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

"ಈ ಬಳ್ಳಿ ಯಾವಾಗಿಂದ ಇದೆ?" ಎಂದಳು, ನಮಸ್ಕಾರವಿಲ್ಲ, ಗಿಮಸ್ಕಾರವಿಲ್ಲ.

"ಹೋದ ವರ್ಷ ಈ ಮನೆಗೆ ಬಂದಾಗಿಂದ. ಯಾಕಮ್ಮಾ?"

"ನಿಮ್ಮ ಬಳ್ಳಿಯಿಂದ ಒಬ್ಬರು ಆಸ್ಪತ್ರೆ ಸೇರಿದ್ರು."

"ನನ್ನ ಕಾಯಿ ನಾನು ಯಾರಿಗೂ ತಿನ್ನೋಕೆ ಕೊಟ್ಟಿಲ್ವಲ್ಲ."

"ನೀವು ಕೊಟ್ಟಿಲ್ಲ. ಹುಳ ಕೊಟ್ಟಿದೆ. ನಿಮ್ಮ ಹೂವಿನ ಪುಡಿ ತಂದು ನನ್ನ ಹೂವಿಗೆ ಹಾಕಿದೆ. ಆ ಕಾಯಿ ಸಿಹಿಯಾಗೇ ಇತ್ತು, ಅದರ ಬೀಜದಿಂದ ಹುಟ್ಟಿದ್ದು ಕಹಿ ಆಯ್ತು."

"ಹಾಗಿದ್ರೆ ಹುಳದ ಮೇಲೆ ಕಂಪ್ಲೇಂಟ್ ಕೊಡಿ."

ಸೂಜಿಯಕ್ಕನಿಗೆ ರೇಗಿತು. "ತಮಾಷೆ ಅಲ್ಲ ಸ್ವಾಮೀ. ಇದನ್ನ ಕಿತ್ತುಹಾಕಬೇಕು."

ಪೇಂಟರು ಕನ್ನಡಕ ಕಣ್ಣಿಗೆ ಇಳಿಸಿಕೊಂಡು ಅವಳನ್ನು ನೋಡಿದರು. ದನಿ ಏರಿಸಲಿಲ್ಲ. "ನಲವತ್ತು ವರ್ಷ ಅಂಗಡಿ ಬೋರ್ಡು ಬರೆದೆ. ಫ್ಲೆಕ್ಸ್ ಬಂತು, ಒಬ್ಬರೂ ಕರೀಲಿಲ್ಲ. ಈಗ ಹೊಟ್ಟೆ ತುಂಬಿಸ್ತಾ ಇರೋದು ಈ ಬಳ್ಳಿ. ನಿಮ್ಮ ಹೊಲಿಗೆ ಮೆಷಿನ್ನು ದಿನಾ ಸದ್ದು ಮಾಡುತ್ತೆ, ಗೋಡೆ ಈಚೆಗೂ ಕೇಳುತ್ತೆ. ನನಗೆ ತೊಂದರೆ ಅಂತ ನಾನು ಬಂದು ಹೇಳಿದ್ರೆ ಮೆಷಿನ್ನು ಮಾರಿಬಿಡ್ತೀರಾ?"

ಸೂಜಿಯಕ್ಕ ಬಂದ ದಾರಿಯಲ್ಲೇ ತಿರುಗಿ ಮನೆಗೆ ಬಂದಳು.

ಮನೆಯಲ್ಲಿ ಅತ್ತೆಯ ಎದುರು ಅವಳ ನಾಲಗೆ ಸಡಿಲವಾಯಿತು. ಪೇಂಟರನ್ನು ಬೈದಳು, ಬಳ್ಳಿಯನ್ನು ಬೈದಳು, ಬುರುಡೆಗೆ ಚಿತ್ರ ಬರೆದು ಮಾರುವುದೂ ಒಂದು ಕಸುಬೇ ಎಂದಳು.

"ಬುರುಡೆ ಬಿಡೋ ಗಂಡಸರನ್ನ ಬೇಕಾದಷ್ಟು ನೋಡಿದ್ದೀನಿ" ಎಂದರು ಅತ್ತೆ. "ನಿಜವಾಗಿ ಬುರುಡೆ ಬಿಡಿಸಿ ಬದುಕೋನು ಇವನೊಬ್ಬನೇ. ಅವನ ಮೇಲೆ ಯಾಕೆ ಕೂಗಾಡ್ತೀಯ? ಅವನದ್ದು ಕಿತ್ತರೆ ಆಚೆ ಬೀದೀಲಿ ಇನ್ನೊಬ್ಬ ಹಾಕ್ತಾನೆ. ಊರಲ್ಲಿರೋ ಹುಳಕ್ಕೆಲ್ಲ ನೀನು ಬೇಲಿ ಕಟ್ತೀಯಾ?"

ಸೂಜಿಯಕ್ಕ ತಟ್ಟೆಯಲ್ಲಿದ್ದ ಬೀನ್ಸಿನ ಸಿಪ್ಪೆಯನ್ನು ಬೆರಳಲ್ಲಿ ಆಡಿಸುತ್ತಾ ಕೂತಳು. ಆಮೇಲೆ ತಲೆ ಎತ್ತಿದಳು.

"ಹುಳಕ್ಕೆ ಕಟ್ಟೋಕಾಗಲ್ಲ ಅತ್ತೆ. ಹೂವಿಗೆ ಕಟ್ಟಬಹುದು."

ಅಂಗಡಿಯಲ್ಲಿ ಕಿಟಕಿ ಪರದೆ ಹೊಲಿದು ಉಳಿದ ಬಲೆಬಟ್ಟೆಯ ಸುರುಳಿ ಇತ್ತು. ಅದರಲ್ಲಿ ಅಂಗೈಯಗಲದ ಚೀಲಗಳನ್ನು ಕತ್ತರಿಸಿ, ಬಾಯಿಗೆ ಎಳೆದಾರ ಹಾಕಿ ಹೊಲಿದಳು. ಗಾಳಿ ಆಡಬೇಕು, ಹುಳ ನುಗ್ಗಬಾರದು. ಮೊದಲನೆಯದು ತೀರ ಬಿಗಿಯಾಯಿತು, ಮೊಗ್ಗು ಮುರಿಯಿತು. ಎರಡನೆಯದು ಸಡಿಲವಾಗಿ ಇರುವೆ ಹೊಕ್ಕಿತು. ಮೂರನೆಯದು ಸರಿಹೋಯಿತು.

ಸೋರೆ ಹೂವು ಅರಳುವುದು ಸಂಜೆಯ ಹೊತ್ತಿಗೆ. ಬಿಸಿಲು ಇಳಿಯುವ ಮೊದಲೇ, ಅಂದು ಅರಳಲಿರುವ ಹೆಣ್ಣು ಮೊಗ್ಗು ಯಾವುದು, ಗಂಡು ಮೊಗ್ಗು ಯಾವುದು ಎಂದು ಹುಡುಕಿ ಚೀಲ ಕಟ್ಟಬೇಕು. ಹೆಣ್ಣು ಮೊಗ್ಗಿನ ಹಿಂದೆ ಕಿರುಬೆರಳಿನಷ್ಟು ಪುಟ್ಟ ಕಾಯಿ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಇದನ್ನೆಲ್ಲ ಅವಳು ಇಷ್ಟು ವರ್ಷ ನೋಡಿದ್ದಳು, ಮಾಡಿರಲಿಲ್ಲ. ಹುಳ ಮಾಡುವ ಕೆಲಸವನ್ನು ತಾನು ಮಾಡುವುದು ಎಂದರೆ ಮೊದಮೊದಲು ನಗು ಬಂತು. ಹತ್ತಿಯ ಉಂಡೆಯಲ್ಲಿ ಪುಡಿ ಮುಟ್ಟಿಸಿದಳು, ಪುಡಿಯೆಲ್ಲ ಹತ್ತಿಗೇ ಅಂಟಿಕೊಂಡಿತು. ನಾಲ್ಕು ಹೆಣ್ಣು ಹೂವುಗಳ ಪುಟ್ಟ ಕಾಯಿಗಳು ಹಳದಿಯಾಗಿ ಉದುರಿದವು.

ಐದನೆಯ ಸಂಜೆ ಗೋಡೆಯ ಆಚೆಯಿಂದ ದನಿ ಬಂತು. ಪೇಂಟರು ಏಣಿ ಹಾಕಿ ಗೋಡೆಯ ಮೇಲೆ ಗಲ್ಲ ಊರಿ ನಿಂತಿದ್ದರು.

"ಹತ್ತೀಲಿ ಬರಲ್ಲಮ್ಮಾ ಅದು."

"ನಿಮಗೇನು ಗೊತ್ತು?"

"ಹೂವಿನ ವಿಷಯ ಗೊತ್ತಿಲ್ಲ. ಪುಡಿ ಎತ್ತಿ ಇನ್ನೊಂದು ಕಡೆ ಇಡೋ ವಿಷಯ ಗೊತ್ತು. ತಗೊಳ್ಳಿ." ಒಂದು ಸಣ್ಣ ಕುಂಚವನ್ನು ಚಾಚಿದರು. ಬೋರ್ಡಿನ ಮೂಲೆಯಲ್ಲಿ ಹೆಸರು ಬರೆಯುವಂಥ, ಇರುವೆಯ ಮೀಸೆಯಷ್ಟು ಮೃದುವಾದ ಕುಂಚ.

ಅವಳು ತೆಗೆದುಕೊಂಡಳು. ಕುಂಚದ ತುದಿಗೆ ಪುಡಿ ಹಳದಿಯಾಗಿ ಹತ್ತಿತು, ಹೆಣ್ಣು ಹೂವಿನ ನಡುವೆ ಮುಟ್ಟಿಸಿದರೆ ಅಲ್ಲೇ ಉಳಿಯಿತು.

"ಮೇಲಿಂದ ಒತ್ತಬೇಡಿ, ಪಕ್ಕದಿಂದ ಸವರಿ" ಎಂದರು ಪೇಂಟರು. ಅವಳು ಹಾಗೇ ಮಾಡಿದಳು. ಚೀಲ ಮತ್ತೆ ಕಟ್ಟಿ, ಗುರುತಿಗೆ ತೊಟ್ಟಿಗೆ ಕೆಂಪು ದಾರ ಸುತ್ತಿದಳು.

"ಆವತ್ತು ಸ್ವಲ್ಪ ಜೋರಾಗಿ ಮಾತಾಡಿದೆ" ಎಂದಳು, ಬೆನ್ನು ತಿರುಗಿಸಿಕೊಂಡೇ.

"ಸ್ವಲ್ಪವಾ?" ಎಂದರು ಪೇಂಟರು.

ಆ ಕೆಂಪು ದಾರದ ಕಾಯಿ ನಿಂತಿತು. ವಾರದಲ್ಲಿ ಅಂಗೈಯುದ್ದವಾಯಿತು. ಇನ್ನೂ ಮೂರು ಕಟ್ಟಿದಳು, ಅವೂ ನಿಂತವು. ಮಾರ್ಕೆಟ್ಟಿನ ವಿಷಯ ಕೇಳಿದ ಪೇಂಟರು ವಾಚ್ ರಿಪೇರಿಯವನ ಬಳ್ಳಿಯನ್ನು ನೋಡಿಕೊಂಡು ಬಂದು, ಒಣಗಿದ ಮೇಲೆ ಅಷ್ಟೂ ಬುರುಡೆ ತನಗೇ ಬೇಕು, ಪೈಪಿನ ಮೇಲಿರುವುದಂತೂ ಬೇಕೇ ಬೇಕು ಎಂದರು. ಅಲ್ಲಿಗೆ ಒಂದು ಬೋರ್ಡನ್ನೂ ಬರೆದುಕೊಟ್ಟು ಬಂದಿದ್ದರು. ಕೆಂಪು ಅಕ್ಷರ, ನೀಲಿ ನೆರಳು: "ನೋಡಿ, ತಿನ್ನಬೇಡಿ."

ಮುಂದಿನ ಬೀಜದ ಭಾನುವಾರ ಲೈಬ್ರರಿಯ ಜಗಲಿ ತುಂಬಿತ್ತು. ಸುದ್ದಿ ಎಲ್ಲರಿಗೂ ಮುಟ್ಟಿತ್ತು, ಅರ್ಧ ಜನ ಅದಕ್ಕೇ ಬಂದಿದ್ದರು. ಸೂಜಿಯಕ್ಕ ಎಲ್ಲರೂ ಕೂರುವ ಮೊದಲೇ ಎದ್ದು ನಿಂತಳು. ನಡೆದದ್ದು, ಯಾಕೆ ನಡೆಯಿತು, ಯಾವ ಮನೆಯಲ್ಲಿ ಏನು ಸಿಕ್ಕಿತು, ಒಂದನ್ನೂ ಬಿಡದೆ ಹೇಳಿದಳು. ದನಿ ಎಲ್ಲಿಯೂ ತಗ್ಗಲಿಲ್ಲ.

"ಇನ್ನು ಮೇಲೆ ಅಂಗಡಿ ಪ್ಯಾಕೆಟ್ಟೇ ವಾಸಿ" ಎಂದರು ಬ್ಯಾಂಕಿನ ಮೇಡಂ. "ಮನೆ ಬೀಜ ನಂಬೋದು ಹೇಗೆ?" ಹಿಂದಿನಿಂದ ಒಂದಿಬ್ಬರು ಹೌದು ಹೌದು ಎಂದರು.

"ನಂಬಬೇಡಿ" ಎಂದಳು ಸೂಜಿಯಕ್ಕ. "ನಾನು ಕೊಟ್ಟೆ ಅಂತ ನಂಬಿದ್ದಕ್ಕೇ ಹೀಗಾದದ್ದು. ಸೋರೆಕಾಯಿ ಆಗಲಿ, ಸೌತೆಕಾಯಿ ಆಗಲಿ, ಬೀಜ ಎಲ್ಲಿಯದೇ ಆಗಲಿ, ಚೂರು ನಾಲಗೆಗೆ ಮುಟ್ಟಿಸಿ ನೋಡದೆ ಅಡುಗೆಗೆ ಹಾಕಬೇಡಿ. ಕಹಿ ಇದ್ರೆ ಉಗೀರಿ. ಔಷಧಿ ಅಂತ ಇನ್ನರ್ಧ ಲೋಟ ಹಾಕಿಸಿಕೊಳ್ಳಬೇಡಿ."

ಜನ ನಕ್ಕರು. ಹಿಂದಿನ ಸಾಲಿನಲ್ಲಿ, ಸ್ವಲ್ಪ ತೆಳ್ಳಗಾಗಿ ಬಂದು ಕೂತಿದ್ದ ಬೇಕರಿಯವರು ಕೈ ಎತ್ತಿ "ಆಯ್ತಮ್ಮಾ, ಆಯ್ತು" ಎಂದರು.

ಅವಳು ಬುಟ್ಟಿ ತೆಗೆದು ಮೇಜಿನ ಮೇಲೆ ಸುರಿದಳು. ಬಲೆಬಟ್ಟೆಯ ಚೀಲಗಳ ರಾಶಿ. "ಇವತ್ತು ನಾನು ಬೀಜ ತಂದಿಲ್ಲ. ಯಾರು ಸೋರೆ, ಕುಂಬಳ, ಸೌತೆ ಬೀಜ ಉಳಿಸ್ತೀರೋ ಅವರು ಇದನ್ನ ತಗೊಂಡು ಹೋಗಿ. ಹೇಗೆ ಕಟ್ಟಬೇಕು ಅಂತ ತೋರಿಸ್ತೀನಿ. ನನ್ನ ಸೋರೆ ಮುಂದಿನ ವರ್ಷ ಬರುತ್ತೆ. ಮೊದಲು ನಾನು ಬೆಳೆದು, ನಮ್ಮನೇಲಿ ತಿಂದು, ಆಮೇಲೆ ತರ್ತೀನಿ. ಆಗ ಬೇಕಾದೋರು ತಗೊಳ್ಳಿ. ಬೇಡದೋರು ಬಿಡಿ, ನನ್ನ ಚಪ್ಪರ ಖಾಲಿ ಇರಲ್ಲ."

ಚೀಲಗಳು ಅಂದೇ ಖಾಲಿಯಾದವು. ಬ್ಯಾಂಕಿನ ಮೇಡಂ ಮಾತ್ರ ಬರಿಗೈಯಲ್ಲಿ ಹೋದರು.

ಮರುವರ್ಷ ಅವಳ ಚಪ್ಪರದಲ್ಲಿ ಕೆಂಪು ದಾರದ ಬೀಜಗಳಷ್ಟೇ ಎದ್ದವು. ಕಾಯಿ ಇಳಿಬಿದ್ದಂತೆ ಅವಳು ದಿನಾ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಹೋಗಿ ಮೇಲೆ, ನಡುವೆ, ಕೆಳಗೆ ಸುತ್ತಳತೆ ತೆಗೆಯುತ್ತಿದ್ದಳು. ಅತ್ತೆ ನೋಡಿ ನೋಡಿ, "ಅದಕ್ಕೆ ಅಂಗಿ ಯಾವತ್ತು ರೆಡಿ ಆಗುತ್ತೆ?" ಎಂದು ಕೇಳಿದರು. ಮೂರೂ ಅಳತೆ ಒಂದೇ ಬಂತು. ಮೊದಲ ಕಾಯಿಯನ್ನು ಕತ್ತರಿಸಿ ನಾಲಗೆಗೆ ಮುಟ್ಟಿಸಿದಾಗ ತಾರಸಿಯಲ್ಲಿ ಅತ್ತೆ ಇದ್ದರು, ರಜೆಯಲ್ಲಿದ್ದ ಗಂಡ ಇದ್ದ, ಗೋಡೆಯ ಮೇಲೆ ಪೇಂಟರ ತಲೆ ಇತ್ತು. ಅವಳು ಉಗಿಯಲಿಲ್ಲ. ಜಗಿದಳು, ನುಂಗಿದಳು, ಇನ್ನೊಂದು ಚೂರು ಕತ್ತರಿಸಿದಳು.

"ಹೇಳೇ ಮಹಾತಾಯಿ!" ಎಂದ ಗಂಡ.

"ಚೆನ್ನಾಗಿದೆ" ಎಂದಳು.

ಅತ್ತೆ ಒಂದು ಚೂರು ಕಸಿದು ಬಾಯಿಗೆ ಹಾಕಿಕೊಂಡರು. ಪೇಂಟರು ಗೋಡೆಯ ಮೇಲಿಂದ ಕೈ ಚಾಚಿದರು. ನಲವತ್ತು ಬುರುಡೆ ಬೆಳೆದಿದ್ದರೂ ಸೋರೆಕಾಯಿ ತಿಂದು ಎಷ್ಟು ಕಾಲವಾಯಿತೋ ಎಂದರು.

ಆ ಕಾಯಿಗಳ ಬೀಜ ಬಲಿತು, ಒಣಗಿ, ಚೀಲ ಸೇರಿ ಭಾನುವಾರದ ಮೇಜಿಗೆ ಬಂದ ದಿನ ಮೊದಲ ಚೀಲವನ್ನು ಎತ್ತಿಕೊಂಡದ್ದು ಬೇಕರಿಯವರ ಹೆಂಡತಿ. ಗಂಡ "ಇನ್ನೊಂದು ಸಲನಾ?" ಎಂದದ್ದಕ್ಕೆ "ನಿಮಗಲ್ಲ, ನನಗೆ" ಎಂದಳು. ಆಮೇಲೆ ಕೈಗಳು ಒಂದಾದ ಮೇಲೊಂದು ಬಂದವು. ಬ್ಯಾಂಕಿನ ಮೇಡಂ ಬಹಳ ಹೊತ್ತು ಪಕ್ಕದ ಮೇಜಿನ ಟೊಮೆಟೊ ಬೀಜ ನೋಡುತ್ತಾ ನಿಂತಿದ್ದು, ಕೊನೆಗೆ ಹತ್ತಿರ ಬಂದರು.

"ನಿಮ್ಮನೇಲಿ ತಿಂದಿದ್ದೀರಾ?"

"ಮೂರು ತಿಂಗಳಿಂದ ಅದನ್ನೇ ತಿಂತಾ ಇದ್ದೀವಿ. ನಮ್ಮತ್ತೆ ಇನ್ನು ಸೋರೆಕಾಯಿ ಮಾಡಿದ್ರೆ ಮನೆ ಬಿಟ್ಟು ಹೋಗ್ತೀನಿ ಅಂದಿದ್ದಾರೆ."

ಮೇಡಂ ನಗು ತಡೆಯಲು ಹೋಗಿ ಸೋತರು. ಒಂದು ಚೀಲ ತೆಗೆದುಕೊಂಡು, ಬದಲಿಗೆ ತಮ್ಮ ಗುಂಡು ಬದನೆಯ ಬೀಜ ಕೊಟ್ಟರು.

ಎಲ್ಲ ಮುಗಿದು ಮೇಜು ಒರೆಸುವಾಗ, ಊರಿಗೆ ಹೊಸದಾಗಿ ಬಂದ ಒಬ್ಬ ನರ್ಸಮ್ಮ ಸಂಕೋಚದಿಂದ ಹತ್ತಿರ ಬಂದಳು. ಕರವಸ್ತ್ರದ ಗಂಟಿನಲ್ಲಿ ಏಳೆಂಟು ಕಪ್ಪು ಬೀಜ. "ನಮ್ಮ ಅಜ್ಜಿ ಮನೆ ಹಿತ್ತಲಿಂದ ತಂದದ್ದು. ಬಳ್ಳಿ ಅನ್ನೋದು ಗೊತ್ತು, ಹೆಸರು ಗೊತ್ತಿಲ್ಲ. ಯಾರೂ ತಗೋತಾ ಇಲ್ಲ."

"ಇಲ್ಲಿ ಕೊಡಮ್ಮಾ" ಎಂದು ಸೂಜಿಯಕ್ಕ ಅಂಗೈ ಒಡ್ಡಿದಳು.

ಮನೆಯಲ್ಲಿ ಅತ್ತೆ ಆ ಬೀಜಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಏನೇ ಇದು?"

"ಗೊತ್ತಿಲ್ಲ ಅತ್ತೆ."

"ಕಹಿ ಆದ್ರೆ?"

"ನಾಲಗೆ ಇದೆಯಲ್ಲ" ಎಂದು ಸೂಜಿಯಕ್ಕ ಖಾಲಿ ಕುಂಡವೊಂದನ್ನು ಎಳೆದು ಮಣ್ಣು ಸಡಿಲಿಸತೊಡಗಿದಳು. ಕೆಳಗೆ ಅಂಗಡಿಯ ಮುಂದೆ ಯಾರೋ ಕಿತ್ತುಹೋದ ಜಿಪ್ಪಿನ ಚೀಲ ಹಿಡಿದು "ಅಕ್ಕಾ, ಅಕ್ಕಾ" ಎಂದು ಕೂಗುತ್ತಿದ್ದರು. "ಬಂದೆ ಇರ್ರೀ" ಎಂದು ಮೇಲಿಂದಲೇ ಕೂಗಿ, ಬೀಜವನ್ನು ಒಂದೊಂದಾಗಿ ಊರಿ, ಮಣ್ಣು ಮುಚ್ಚಿ, ಕೈ ತೊಳೆದುಕೊಂಡು ಇಳಿದಳು.